ಮಳೆಗಾಲದಲ್ಲಿ ರಾಕ್ಷಸನಿಗೆ ಬಣ್ಣ ಹಚ್ಚುವುದು ಹೇಗೆ?

ಕಳೆದ ಜುಲೈನಲ್ಲಿ ಹುಡುಗನೊಬ್ಬ ಅಂಗೈ ಅಗಲದ ಡ್ರ್ಯಾಗನ್ ಗೊಂಬೆಯೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮನೆಗೆ ಬಂದ. ಬಿಚ್ಚಿ ನೋಡಿದರೆ ರೆಕ್ಕೆಯ ತುಂಬ ಉಪ್ಪು ಉದುರಿಸಿದ ಹಾಗೆ ಬಿಳಿ ತರಿ. ಬೆರಳಾಡಿಸಿದರೆ ಪಾಲಿಶ್ ಪೇಪರಿನಂತೆ ಗರಗರ.

"ತಮಾ, ಸ್ಪ್ರೇ ಎಲ್ಲಿ ಹೊಡೆದೆ?"

"ಜಗಲಿಯಲ್ಲೇ ಅಣ್ಣಾ. ಮಳೆ ಸ್ವಲ್ಪ ಹೊಳವಾಗಿತ್ತು."

ಕಾರವಾರದಲ್ಲಿ ಟೇಬಲ್‌ಟಾಪ್ ಆಟ, ಅಂದರೆ ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನಿಟ್ಟು ಆಡುವ ಆಟ, ಆಡುವ ನಾವು ಆರು ಜನ ಈ ಮಳೆಗಾಲಕ್ಕೆ ಒಂದು ಪಂಥ ಕಟ್ಟಿಕೊಂಡಿದ್ದೇವೆ: ತಿಂಗಳಲ್ಲಿ ನಾಲ್ಕು ರಾಕ್ಷಸರು, ವಾರಕ್ಕೊಂದು. ಬಣ್ಣ ಹಚ್ಚದ ಗೊಂಬೆಗೆ ಭಾನುವಾರದ ಆಟದಲ್ಲಿ ಜಾಗ ಇಲ್ಲ. ಪಂಥಕ್ಕೆ ಸೇರಿದವರೆಲ್ಲ ಎಡವುವುದು ಆ ಹುಡುಗ ಎಡವಿದಲ್ಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಗೊಂಬೆಗೆ ರೋಮ, ಹುರುಪೆ, ಸುಕ್ಕು ಹೆಚ್ಚಿರುವುದನ್ನೇ ಆರಿಸಿ. ನುಣುಪು ಮೈಯ ದೈತ್ಯ ನೋಡಲು ಸುಲಭ ಅನ್ನಿಸಿದರೂ ಬ್ರಷ್ಷಿನ ಪ್ರತಿ ಗೆರೆಯನ್ನೂ ತೋರಿಸಿಬಿಡುತ್ತಾನೆ. ದುಬಾರಿ ಗೊಂಬೆಯೇ ಆಗಬೇಕೆಂದಿಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಹೊರತಂದ ಗ್ಯಾರಿ ಗೈಗ್ಯಾಕ್ಸ್, ಅಗ್ಗದ ಪ್ಲಾಸ್ಟಿಕ್ ಆಟಿಕೆಗಳನ್ನು ಮೇಜಿನ ಮೇಲಿಟ್ಟುಕೊಂಡು ಆಡುತ್ತಿದ್ದರು. ಗೂಬೆ ಮೋರೆಯ ಕರಡಿ 'ಔಲ್‌ಬೇರ್', ಕಬ್ಬಿಣ ತಿನ್ನುವ 'ರಸ್ಟ್ ಮಾನ್ಸ್ಟರ್' ಎರಡೂ ಹುಟ್ಟಿದ್ದು ಆ ಆಟಿಕೆಗಳಿಂದಲೇ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಅಲ್ಲಿನ ಆಟಿಕೆ ಅಂಗಡಿಯ ಡೈನೋಸಾರ್ ನಿಮ್ಮ ಮೊದಲ ನಾಲ್ಕು ತಪ್ಪುಗಳಿಗೆ ಧಾರಾಳ ಸಾಕು.

ಅಚ್ಚಿನ ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಹೆರೆದು, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತಿಕ್ಕಿ, ಒಂದು ರಾತ್ರಿ ಒಣಗಲು ಬಿಡಿ. ಅಚ್ಚಿನ ಎಣ್ಣೆಯ ಜಿಡ್ಡು ಉಳಿದರೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ಪ್ರೈಮರ್: ಇಲ್ಲಿ ನಿಧಾನಿಸಿ

ಪ್ರೈಮರ್ ಅಂದರೆ ಬಣ್ಣ ಹಿಡಿದು ನಿಲ್ಲಲಿ ಅಂತ ಮೊದಲು ಹಚ್ಚುವ ತಳಪದರ. ವಿಡಿಯೋಗಳಲ್ಲಿ ಎಲ್ಲರೂ ಸ್ಪ್ರೇ ಕ್ಯಾನ್ ಹಿಡಿದು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಅವರ ಊರಿನ ಗಾಳಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ತೇವಾಂಶ ದಿನಗಟ್ಟಲೆ ಶೇ 80ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಸ್ಪ್ರೇಯಲ್ಲಿನ ದ್ರಾವಕ ಆರುವಾಗ ಹನಿಯೂ ತಣ್ಣಗಾಗುತ್ತದೆ, ಗೊಂಬೆಯ ಮೈಯೂ ತಣ್ಣಗಾಗುತ್ತದೆ. ಗಾಳಿಯ ಪಸೆ ಅದರ ಮೇಲೆ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಬಿಳಿಚುವುದು, ತರಿ ಏಳುವುದು ಇದರಿಂದ. ಮಳೆ ನಿಂತ ಮಾತ್ರಕ್ಕೆ ಗಾಳಿ ಒಣಗಿತು ಅಂತಲ್ಲ. ಹೊಳವಾದಾಗ ಅಂಗಳದಿಂದ ಹಬೆ ಏಳುವುದನ್ನು ನೋಡಿದ್ದೀರಲ್ಲ. ಸ್ಪ್ರೇಯೇ ಬೇಕೆಂದರೆ ತೇವಾಂಶ ಅಳೆಯುವ ಚಿಕ್ಕ ಮೀಟರ್ ತಂದು, ಶೇ 60ರ ಆಸುಪಾಸಿಗೆ ಬಂದ ದಿನ ಮಾತ್ರ ಹೊಡೆಯಿರಿ. ನಮ್ಮಲ್ಲಿ ಅದು ಡಿಸೆಂಬರ್, ಜನವರಿಯ ಮಾತು.

ಮಳೆಗಾಲಕ್ಕೆ ಬ್ರಷ್ಷಿನಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ತನ್ನಿ. ಕಪ್ಪು ಅಥವಾ ಗಾಢ ಕಂದು. ಬಾಟಲಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. ನೀರು ಬೆರೆಸಬೇಡಿ, ಬೆರೆಸಿದರೆ ಹಿಡಿತ ಹೋಗುತ್ತದೆ. ಬೆರಳುಗುರಿನಷ್ಟು ಅಗಲದ ಮೆತ್ತನೆ ಸಿಂಥೆಟಿಕ್ ಬ್ರಷ್ಷನ್ನು ತುದಿ ಮಾತ್ರ ಅದ್ದಿ, ತಲೆಯಿಂದ ಕಾಲಿನ ಕಡೆಗೆ ಎಳೆಯಿರಿ. ಕಂಕುಳು, ಬಾಯಿ, ರೆಕ್ಕೆಯ ಸಂದಿಯಲ್ಲಿ ಪ್ರೈಮರ್ ಮಡುಗಟ್ಟುತ್ತದೆ; ಒಣ ಬ್ರಷ್ ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಗೊಂಬೆ ನೋಡಲು ಅಸಹ್ಯವಾಗಿರುತ್ತದೆ. ಅಲ್ಲಲ್ಲಿ ಬಿಟ್ಟ ಹಾಗೆ, ಗುಳ್ಳೆ ಎದ್ದ ಹಾಗೆ. ಆಗ ಕೈ ಹಾಕಲೇಬೇಡಿ. ಅರ್ಧ ಒಣಗಿದ ಪ್ರೈಮರಿನ ಮೇಲೆ ಮತ್ತೆ ಬ್ರಷ್ ಆಡಿಸಿದರೆ ಹಾಲಿನ ಕೆನೆಯ ಹಾಗೆ ಎದ್ದು ಬರುತ್ತದೆ. ಅದನ್ನು ಸರಿಮಾಡಲು ಹೋಗಿಯೇ ಹೆಚ್ಚಿನವರು ಕೆಡಿಸುವುದು. ತಾನಾಗಿ ಬಿಗಿದುಕೊಳ್ಳಲಿ. ನಾಲ್ಕು ತಾಸಿನ ಮೇಲೆ ಎರಡನೇ ತೆಳು ಕೋಟು, ಆಮೇಲೆ ಪೂರ್ತಿ ಎರಡು ದಿನ ಬಿಡುವು. ಬಾಟಲಿಯ ಮೇಲೆ ಒಂದು ದಿನ ಅಂತ ಬರೆದಿದ್ದರೂ ನಮ್ಮ ಗಾಳಿಗೆ ಎರಡು ದಿನ ಬೇಕು.

ಒಣಗಿಸಲು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವವರಿದ್ದಾರೆ. ಬೇಡ. ಹೊಗೆಯ ಜಿಡ್ಡು ಕೂರುತ್ತದೆ, ಮೆತ್ತನೆ ಪ್ಲಾಸ್ಟಿಕ್ಕಿನ ಕತ್ತಿ, ಬಾಲ ಬಾಗುತ್ತವೆ. ಮುಚ್ಚಳದ ಡಬ್ಬಿಯಲ್ಲಿ ಪಸೆ ಹೀರುವ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರೊಳಗಿಡಿ. ಮೆತ್ತನೆ ಪ್ಲಾಸ್ಟಿಕ್ ಗೊಂಬೆಗಂತೂ ಸ್ಪ್ರೇ ಯಾವ ಕಾಲಕ್ಕೂ ಬೇಡ. ಕೆಲವು ಸ್ಪ್ರೇಗಳು ಅದರ ಮೇಲೆ ತಿಂಗಳಾದರೂ ಅಂಟಂಟಾಗಿಯೇ ಉಳಿಯುತ್ತವೆ.

ಈಗಾಗಲೇ ತರಿ ಎದ್ದಿದ್ದರೆ? ಪ್ಲಾಸ್ಟಿಕ್ ಗೊಂಬೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅರ್ಧ ತಾಸು ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ. ಆ ಹುಡುಗನ ಡ್ರ್ಯಾಗನ್ ಮೂರು ಸಲ ತಿಕ್ಕಿದ ಮೇಲೆ ಹೊಸದರ ಹಾಗೆ ಹೊರಬಂತು, ರೆಕ್ಕೆಯ ನರಗಳೂ ಕಾಣುವಷ್ಟು.

ಬಣ್ಣ

ಪ್ರೈಮರ್ ಗಟ್ಟಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ. ಒಣ ಬ್ರಷ್ಷಿಗೆ ಚೂರು ಬಿಳಿ ಮೆತ್ತಿ, ಹಳೆ ಬಟ್ಟೆಗೆ ಒರೆಸಿ, ಮೇಲಿನಿಂದ ಮಾತ್ರ ಸವರಿ. ಬಿಸಿಲು ಬೀಳುವ ಜಾಗವೆಲ್ಲ ಎದ್ದು ಕಾಣುತ್ತದೆ. ಅದರ ಮೇಲೆ ಬಣ್ಣವನ್ನು ತೆಳು ಹಾಲಿನಷ್ಟು ನೀರು ಮಾಡಿ ಎರಡು ಮೂರು ಸಲ ಹಚ್ಚಿ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ರಾಕ್ಷಸ ಪಾತ್ರದ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಉಬ್ಬು ಚುಕ್ಕೆಗಳ ಚಿಟ್ಟಿ ಇಡುವುದನ್ನು ಒಮ್ಮೆ ಕೂತು ನೋಡಿ. ಒಂದು ಪದರ ಆರಿದ ಮೇಲೆಯೇ ಅದರ ಮೇಲೆ ಇನ್ನೊಂದು. ತಾಸುಗಟ್ಟಲೆ ಕೂತರೂ ಕೈಗೆ ಅವಸರ ಇರುವುದಿಲ್ಲ. ನಾನು ಬ್ರಷ್ ಹಿಡಿಯಲು ಕಲಿತದ್ದು ಅವರನ್ನು ನೋಡಿಯೇ.

ಮಕ್ಕಳ ಪೋಸ್ಟರ್ ಕಲರ್ ಬಳಸಬೇಡಿ, ಒದ್ದೆ ಕೈ ತಾಗಿದರೆ ಕರಗುತ್ತದೆ. ಬ್ರಷ್ ಒಂದೇ ಕೊಳ್ಳುವುದಾದರೆ ಕೊಲಿನ್ಸ್ಕಿ ಸೇಬಲ್ ಕೂದಲಿನ 2ನೇ ನಂಬರಿನದು ಕೊಳ್ಳಿ. ಹತ್ತು ಬ್ರಷ್ಷಿನ ಅಗ್ಗದ ಸೆಟ್ಟುಗಳ ತುದಿ ವಾರದಲ್ಲಿ ಕವಲೊಡೆಯುತ್ತದೆ. ಬಣ್ಣ ಕಲಸಲು ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್ ಹಾಸಿದರೆ ಬಣ್ಣ ದಿನವಿಡೀ ಒಣಗದೆ ಇರುತ್ತದೆ. ಮಳೆಗಾಲದಲ್ಲಿ ಆ ಸ್ಪಂಜು ಬೂಸ್ಟು ಹಿಡಿಯುತ್ತದೆ, ಹಾಗಾಗಿ ಮೂರು ದಿನಕ್ಕೊಮ್ಮೆ ತೊಳೆಯಿರಿ, ಕೆಳಗೆ ಹಳೆಯ ತಾಮ್ರದ ಕಾಸು ಇಡಿ.

ಆಮೇಲೆ ವಾಶ್, ಅಂದರೆ ಸಂದಿಗಳಿಗೆ ಹರಿದು ನೆರಳು ಕೊಡುವ ನೀರುಬಣ್ಣ. ಅದು ಪೂರ್ತಿ ಒಣಗಿದ ಮೇಲೆ ಉಬ್ಬುಗಳಿಗೆ ತಿಳಿಬಣ್ಣ. ಹಲ್ಲು, ಉಗುರು, ಕಣ್ಣು ಕೊನೆಗೆ.

ಕೊನೆಗೆ ಬಣ್ಣ ಕಾಯಲು ಬಳಿಯುವ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ಶೂ ಬ್ರಷ್ಷಿನದೇ ಆಗಲಿ. ತಳದಲ್ಲಿ ಕೂತ ಪುಡಿ ಪೂರ್ತಿ ಕದಡುವವರೆಗೆ ಕುಲುಕಿ, ಇಲ್ಲವಾದರೆ ಹೊಳಪು ಉಳಿಯುತ್ತದೆ.

ಗೊಂಬೆ ನಿಲ್ಲುವ ಪೀಠಕ್ಕೆ ನಮ್ಮೂರಿನ ಟಾಗೋರ್ ಬೀಚಿನ ಮರಳನ್ನು ಹಾಗೇ ಅಂಟಿಸಿದವರಿದ್ದಾರೆ. ಮರಳಿನ ಉಪ್ಪು ಪಸೆ ಎಳೆದು, ಎರಡು ತಿಂಗಳಲ್ಲಿ ಬಣ್ಣ ಸಿಪ್ಪೆಯೇಳುತ್ತದೆ. ಬಾವಿ ನೀರಿನಲ್ಲಿ ನಾಲ್ಕು ಸಲ ತೊಳೆದು ಒಣಗಿಸಿ ಬಳಸಿ. ನನ್ನ ಕೇಳಿದರೆ ಮರಳಿಗಿಂತ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪುಡಿ ಚಂದ: ಜರಡಿ ಹಿಡಿದು, ಫೆವಿಕಾಲ್ ಬಳಿದ ಪೀಠದ ಮೇಲೆ ಉದುರಿಸಿ, ಅಂಚಿಗೆ ಕಪ್ಪು ಎಳೆಯಿರಿ. ಆ ಕೆಂಪಿಗೆ ಮತ್ತೆ ಬಣ್ಣ ಹಚ್ಚುವ ಅಗತ್ಯವೇ ಇಲ್ಲ.