ಕ್ಲೌನ್ ಫಿಶ್ ಮೈಮೇಲಿನ ಬಿಳಿ ಚುಕ್ಕೆ ಕೊನೆಗೂ ಹೋದದ್ದು ಹೀಗೆ

ಮಂಗಳೂರಿನ ನಮ್ಮ ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಎರಡು ಕ್ಲೌನ್ ಫಿಶ್ ಇವೆ. ಜೂನ್‌ನಲ್ಲಿ ಅವುಗಳ ರೆಕ್ಕೆ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಬಂದವು. ಕಲ್ಲಿಗೆ ಮೈ ಉಜ್ಜುತ್ತಿದ್ದವು, ಉಸಿರಾಟವೂ ಜೋರಾಗಿತ್ತು.

ಬೆಳ್ಳುಳ್ಳಿ ರಸ ಬೆರೆಸಿದ ಆಹಾರ, ಸಿಹಿನೀರಿನಲ್ಲಿ ಅದ್ದುವುದು, ಹೀಟರ್ 30 ಡಿಗ್ರಿಗೆ ಏರಿಸುವುದು, ಯಾವುದೂ ನಡೆಯಲಿಲ್ಲ. ತಾಮ್ರದ ಔಷಧಿಯನ್ನು ಟ್ಯಾಂಕಿಗೇ ಹಾಕಲಿಲ್ಲ. ಸಿಗಡಿ, ಬಸವನಹುಳು ಸಾಯುತ್ತವೆ.

ನಾನು ಮೋಸಹೋದದ್ದು ಒಂದೇ ಕಡೆ. ಕೆಲವೇ ದಿನಗಳಲ್ಲಿ ಚುಕ್ಕೆ ತಾನಾಗಿ ಮಾಯವಾಗುತ್ತದೆ, ಔಷಧಿ ಹಿಡಿಯಿತು ಅನ್ನಿಸುತ್ತದೆ. ನಿಜದಲ್ಲಿ ಈ ಚುಕ್ಕೆಗೆ ಕಾರಣವಾದ ಪರಾವಲಂಬಿ ಜೀವಿ ಮೀನಿನ ಮೈಬಿಟ್ಟು ಮರಳು, ಕಲ್ಲಿಗೆ ಅಂಟಿ ಕೋಶ ಕಟ್ಟಿಕೊಂಡಿರುತ್ತದೆ. ಅದು ಒಡೆದು ಮರಿಗಳು ಹೊರಬಂದು ಮತ್ತೆ ಮೀನಿಗೆ ಹತ್ತುತ್ತವೆ.

ಹಾಗಾಗಿ ಕೋಶ ಒಡೆಯುವ ಮೊದಲೇ ಮೀನನ್ನು ಬೇರೆಡೆಗೆ ದಾಟಿಸಬೇಕು. 20 ಲೀಟರಿನ ಎರಡು ಬಕೆಟ್, ಎರಡಕ್ಕೂ ಬೇರೆ ಬೇರೆ ಏರ್ ಸ್ಟೋನ್ (ನೀರಿನಲ್ಲಿ ಗಾಳಿಗುಳ್ಳೆ ಬಿಡುವ ತುಂಡು), ಹೀಟರ್, ಬಲೆ. ಮರಳು, ಕಲ್ಲು ಬೇಡ. ಉಪ್ಪುನೀರು ಪ್ರತಿ ಸಲ ಹೊಸದು: ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ. 1ನೇ ದಿನ ಮೊದಲ ಬಕೆಟ್, 4ಕ್ಕೆ ಎರಡನೆಯದು, 7ಕ್ಕೆ ಮೊದಲಿನದು, 10ಕ್ಕೆ ಎರಡನೆಯದು, 13ಕ್ಕೆ ಬೇರೊಂದು ಶುದ್ಧ ಟ್ಯಾಂಕ್. ನಡುವೆ 72 ಗಂಟೆ ಮೀರಬಾರದು. ಮೀನಿನ ಜೊತೆ ಹಳೆಯ ನೀರು ಆದಷ್ಟು ಕಡಿಮೆ ಬರಲಿ.

ಖಾಲಿಯಾದ ಬಕೆಟ್, ಬಲೆ, ಏರ್ ಸ್ಟೋನ್ ಪೂರ್ತಿ ಒಣಗಲೇಬೇಕು. ನಮ್ಮ ಊರಿನ ಮಳೆಗಾಲದಲ್ಲಿ ಬಿಸಿಲಿಗೆ ಕಾಯಬೇಡಿ, ಬಟ್ಟೆಯಿಂದ ಒರೆಸಿ ಫ್ಯಾನಿನಡಿ ಇಡಿ.

ಹತ್ತಲು ಮೀನು ಸಿಗದೆ ಪರಾವಲಂಬಿ ಸಾಯಲಿ ಎಂದು ಮೊದಲಿನ ದೊಡ್ಡ ಟ್ಯಾಂಕಿನಲ್ಲಿ 76 ದಿನ ಮೀನೇ ಬಿಡಲಿಲ್ಲ. ಸಿಗಡಿ, ಬಸವನಹುಳು ಅಲ್ಲೇ ಇದ್ದವು. ಆಮೇಲೆ ಮೀನು ಬಿಟ್ಟೆ, ಚುಕ್ಕೆ ಮರಳಿಲ್ಲ.