ಕ್ಯಾಂಪರ್‌ವ್ಯಾನಿಗೆ ಖಡಕ್ ರೊಟ್ಟಿ, ಅಳತೆಯ ನೀರು

ನ್ಯೂಜಿಲೆಂಡಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪರ್‌ವ್ಯಾನಿನಲ್ಲಿ, ಅಂದರೆ ಒಲೆ, ಹಾಸಿಗೆ, ಪಾಯಿಖಾನೆ ಒಳಗೇ ಇರುವ ಗಾಡಿಯಲ್ಲಿ, ಸುತ್ತಿ ಬಂದವರ ಪೆಟ್ಟಿಗೆ ಬಿಚ್ಚಿದರೆ ಯಾವುದು ಬೇಕಿತ್ತು, ಯಾವುದು ದಂಡಕ್ಕೆ ಹೊತ್ತದ್ದು ಅನ್ನುವುದು ಗೊತ್ತಾಗಿಬಿಡುತ್ತದೆ. ಮಿಕ್ಸರ್, ನಾಲ್ಕನೇ ಪಾತ್ರೆ, ಇಸ್ತ್ರಿ ಮಾಡಿದ ಸೀರೆ ಹೋದ ಹಾಗೇ ವಾಪಸ್ ಬಂದಿರುತ್ತವೆ. ಶೇಂಗಾ ಚಟ್ನಿಪುಡಿ ಡಬ್ಬಿಯ ತಳ ಮಾತ್ರ ಕೆರೆದಿರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ವ್ಯಾನಿನ ಸಂಸಾರ ಒಗ್ಗುತ್ತದೆ. ನಳ ಬಾರದ ದಿನಗಳಿಗೆ ಕೊಡ ತುಂಬಿಟ್ಟು, ಒಣ ಬುತ್ತಿ ಕಟ್ಟಿ ಗೊತ್ತಿರುವ ಕೈ ನಮ್ಮದು. ನಮಗೆ ಗೊತ್ತಿಲ್ಲದ್ದು ತೇವ ಒಂದೇ. ಅಲ್ಲೇ ಏಟು ಬೀಳುತ್ತದೆ.

ಮೊದಲು ರೊಟ್ಟಿ. ಒಂದು ಕೆಜಿ ಜೋಳದ ಹಿಟ್ಟಿಗೆ ಸುಮಾರು 25 ತೆಳು ರೊಟ್ಟಿ ಬರುತ್ತವೆ. ಎಂಟು ಇಂಚಿಗಿಂತ ಅಗಲ ಬಡಿಯಬೇಡಿ, ವ್ಯಾನಿನ ಕಪಾಟಿಗೆ ಹಿಡಿಸುವುದಿಲ್ಲ. ಕುದಿಯುವ ನೀರು ಹಾಕಿ ನಾದಿ, ನಡುವೆ ದಪ್ಪ ಉಳಿಯದ ಹಾಗೆ ಬಡಿಯಿರಿ. ಎರಡೂ ಬದಿ ಬೆಂದ ಮೇಲೆ ಉರಿ ಸಣ್ಣ ಮಾಡಿ, ಬಟ್ಟೆಯಿಂದ ಅಂಚು ನಡುವೆ ಒತ್ತುತ್ತಾ ಸೆಟೆದು ನಿಲ್ಲುವವರೆಗೆ ಸುಡಿ. ಆಮೇಲೆ ಒಂದು ರಾತ್ರಿ ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಆರಬೇಕು. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಒಳಗಿನ ಹಬೆ ನೀರಾಗಿ ಮುಚ್ಚಳಕ್ಕೆ ಹತ್ತುತ್ತದೆ, ವಾರದೊಳಗೆ ಬೂಷ್ಟು. ನಡುವೆ ಮುರಿದು ನೋಡಿ: ಟಪ್ ಅಂದರೆ ಸರಿ, ಬಾಗಿದರೆ ಮತ್ತೆ ಹಂಚಿಗೆ. ಹತ್ತು ಹತ್ತರಂತೆ ಬೇರೆ ಬೇರೆ ಪೊಟ್ಟಣ ಕಟ್ಟಿ. ಒಂದೇ ದೊಡ್ಡ ಪೊಟ್ಟಣವಾದರೆ ದಿನಾ ಬಿಚ್ಚಿದಾಗ ಎಲ್ಲಕ್ಕೂ ಗಾಳಿಯ ತೇವ ತಗಲುತ್ತದೆ. ಮಿಲ್‌ಫೋರ್ಡ್ ಸೌಂಡ್ ಎಂಬ ಅಲ್ಲಿಯ ಕಡಲ ಚಾಚಿನ ಕಡೆ ವರ್ಷಕ್ಕೆ ಆರು ಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಬೀಳುವುದು ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಲ್ಲಿ ತೆರೆದ ರೊಟ್ಟಿ ಸಂಜೆಯೊಳಗೆ ಮೆತ್ತಗಾಗುತ್ತದೆ.

ನ್ಯೂಜಿಲೆಂಡಿಗೆ ಹೋಗುವಾಗ ತುಂಬುವ ಫಾರಂನಲ್ಲಿ ತಿನ್ನುವ ಪದಾರ್ಥ ಇದೆ ಎಂದು ಬರೆಯಲೇಬೇಕು. ಮುಚ್ಚಿಟ್ಟು ಸಿಕ್ಕರೆ ನಿಂತಲ್ಲೇ 400 ಡಾಲರ್ ದಂಡ. ಹೇಳಿದ ಮೇಲೂ ಅಧಿಕಾರಿ ಬೇಡ ಅಂದರೆ ಆ ಪೊಟ್ಟಣವಷ್ಟೇ ಹೋಗುತ್ತದೆ. ಜೇನುತುಪ್ಪ, ಹಸಿ ಕರಿಬೇವು, ಹಸಿಮೆಣಸು, ನಿಂಬೆ, ಹಣ್ಣು ಮನೆಯಲ್ಲೇ ಇರಲಿ. ಇಡೀ ಕಾಳಿಗಿಂತ ಪುಡಿ ವಾಸಿ. ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಒಂದೇ ಚೀಲದಲ್ಲಿ, ಮೇಲ್ಗಡೆ, ಏನೇನು ಹಾಕಿದ್ದು ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ ಇಟ್ಟರೆ ತೋರಿಸುವುದು ಎರಡು ನಿಮಿಷದ ಕೆಲಸ. ಗಂಗಾವತಿಯ ಸೋನಾಮಸೂರಿ ಎಷ್ಟೇ ರುಚಿಯಿದ್ದರೂ ಹೊತ್ತೊಯ್ಯಬೇಡಿ. ಅಕ್ಕಿ, ಬೇಳೆ, ತುಪ್ಪ ಆಕ್ಲೆಂಡ್, ಕ್ರೈಸ್ಟ್‌ಚರ್ಚ್‌ಗಳ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ.

ವ್ಯಾನಿನ ದೀಪ, ನೀರಿನ ಪಂಪು, ಫ್ರಿಡ್ಜ್ ಬ್ಯಾಟರಿಯ ಮೇಲೆ ನಡೆಯುತ್ತವೆ. ಗೋಡೆಯ ಪ್ಲಗ್ಗಿಗೆ ಕರೆಂಟು ಬರುವುದು ಕ್ಯಾಂಪಿನಲ್ಲಿ ಕೇಬಲ್ ಸಿಕ್ಕಿಸಿದಾಗ ಮಾತ್ರ. ಮಿಕ್ಸರ್ ಮೂಲೆ ಸೇರುವುದು ಇದಕ್ಕೇ. ಮೂರು ಲೀಟರ್ ಕುಕ್ಕರ್ ಒಂದಿದ್ದರೆ ಸಾಕು. ಒಂದು ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ, ನಾಲ್ಕು ಲೋಟ ನೀರು. ಎರಡು ಸೀಟಿಗೆ ಆರಿಸಿ ದಪ್ಪ ಟವೆಲಿನಲ್ಲಿ ಸುತ್ತಿ ಕಾಲು ಗಂಟೆ ಬಿಟ್ಟರೆ ಉಳಿದದ್ದು ತಾನೇ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಒಣಮೆಣಸಿನ ಒಗ್ಗರಣೆಗೆ ಮಾತ್ರ ಬಾಗಿಲು, ಮೇಲಿನ ಕಿಂಡಿ ಎರಡೂ ತೆಗೆಯಿರಿ. ಘಾಟು ಕೂತರೆ ಹೊಗೆ ಅಲಾರಂ ಕೂಗುತ್ತದೆ, ಹಾಸಿಗೆ ಮೂರು ದಿನ ನಾರುತ್ತದೆ. ಚಳಿ ಅಂತ ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವುದು ಜೀವಕ್ಕೆ ಎರವು. ವಾಸನೆಯಿಲ್ಲದ ವಿಷಗಾಳಿ ತುಂಬಿಕೊಳ್ಳುತ್ತದೆ.

ನೀರಿನ ಲೆಕ್ಕ ಹೀಗೆ. ವ್ಯಾನಿಗೆ ‘ಸ್ವಯಂಪೂರ್ಣ’ (ನೀರು, ಬಚ್ಚಲು, ಪಾಯಿಖಾನೆ ತನ್ನೊಳಗೇ ಇರುವಂಥದ್ದು) ಎಂಬ ಪ್ರಮಾಣಪತ್ರ ಕೊಡುವಾಗ ತಲೆಗೆ ದಿನಕ್ಕೆ 4 ಲೀಟರಿನಂತೆ ಮೂರು ದಿನದ ನೀರು ಹಿಡಿಯಬೇಕು, ಅಂದರೆ ಒಬ್ಬರಿಗೆ 12 ಲೀಟರ್. ಬಚ್ಚಲ ನೀರು ಹಿಡಿಯುವ ಟ್ಯಾಂಕಿಗೂ ಅದೇ ಅಳತೆ. ಬೆಂಗಳೂರಿನ ಶವರ್ ರೂಢಿಗೆ ಇದು ಅರ್ಧ ದಿನಕ್ಕೂ ಸಾಲದು. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯಿರಿ. ಎಣ್ಣೆ, ಅನ್ನದ ಅಗುಳು ಬಚ್ಚಲ ಟ್ಯಾಂಕಿಗೆ ಇಳಿದರೆ ಬಿಸಿಲೇರಿದಾಗ ಸಿಂಕಿನಿಂದಲೇ ಕೊಳೆತ ನಾತ ಬರುತ್ತದೆ.

ಯಾರೂ ಬಾಯಿಬಿಟ್ಟು ಹೇಳದ್ದು ಪಾಯಿಖಾನೆಯ ವಿಷಯ. ಅದರ ಕೆಳಗೆ ಹೊಲಸು ಸೇರುವ ಪೆಟ್ಟಿಗೆ, ಅಂದರೆ ಕ್ಯಾಸೆಟ್ಟು, ಹಿಡಿಯುವುದು 20 ಲೀಟರಿನಷ್ಟು. ನಾವು ತಂಬಿಗೆ ನೀರು ಬಳಸುವವರು, ನಾಲ್ಕು ಜನರಿದ್ದರೆ ಒಂದೇ ದಿನಕ್ಕೆ ತುಂಬಿತೆಂದು ಕೆಂಪು ದೀಪ. ಕಾಲು ಲೀಟರಿನ ಪಿಚಕಾರಿ ಬಾಟಲಿ ಇಟ್ಟುಕೊಂಡರೆ ಎರಡು ದಿನ ತಳ್ಳಬಹುದು. ಡಂಪ್ ಸ್ಟೇಷನ್ನಿನಲ್ಲಿ (ಹೊಲಸು ಚೆಲ್ಲಲು ಇರುವ ಜಾಗ) ಸುರಿಯುವಾಗ ಕ್ಯಾಸೆಟ್ಟಿನ ಗಾಳಿ ಗುಂಡಿ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಗಳಗಳ ಅಂತ ಎಗರಿ ಕಾಲ ಮೇಲೆ ಬೀಳುತ್ತದೆ. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ಕೊನೆಗೆ ಎರಡು ಲೀಟರ್ ನೀರಿಗೆ ವ್ಯಾನಿನವರು ಕೊಟ್ಟ ಔಷಧ ಹಾಕಿ ಮುಚ್ಚಿ. ಮನೆಯ ಬ್ಲೀಚ್ ಬೇಡ, ರಬ್ಬರು ವಾಷರ್ ಬಿರುಸಾಗಿ ಸೋರುತ್ತದೆ. ಅಲ್ಲಿಯ ನಳದ ಪೈಪನ್ನು ಕುಡಿಯುವ ನೀರಿನ ಟ್ಯಾಂಕಿಗೆ ಹಾಕುವವರೂ ಇದ್ದಾರೆ! ಕುಡಿಯುವ ನೀರಿಗೆ ಬೇರೆ ನಳ, ಬೇರೆ ಪೈಪು. ದುಡ್ಡು ಕೊಡದೆ ರಸ್ತೆ ಬದಿ ತಂಗುವ ಜಾಗ ಬಹಳಷ್ಟು ಈ ಪ್ರಮಾಣಪತ್ರದ ವ್ಯಾನಿಗೇ ಮೀಸಲು. 2023ರ ಕಾನೂನಿನ ಪ್ರಕಾರ ಅದಕ್ಕೆ ಕದಲದ ಹಾಗೆ ಕೂರಿಸಿದ ಪಾಯಿಖಾನೆ ಇರಬೇಕು. ಬಾಡಿಗೆ ಮಾತಾಡುವಾಗಲೇ ಈ ಪ್ರಮಾಣಪತ್ರದ ಗುರುತಾದ ಹಸಿರು ವಾರಂಟ್ ಪತ್ರ ನೋಡಿಕೊಳ್ಳಿ.

ಇನ್ನು ತೇವ. ರಾತ್ರಿಯಿಡೀ ಇಬ್ಬರ ಉಸಿರು ಗಾಜಿಗೆ ನೀರಾಗಿ ಹತ್ತಿ ಹಾಸಿಗೆಯ ಅಂಚಿಗೆ ಇಳಿಯುತ್ತದೆ. ನಮ್ಮ ಬಿಸಿಲಿನವರು ಕಿಟಕಿ ಬಿಗಿಯಾಗಿ ಹಾಕಿ ಬೆಚ್ಚಗೆ ಮಲಗುತ್ತಾರೆ, ನಾಲ್ಕನೇ ದಿನ ಹಾಸಿಗೆಯಡಿ ಕಪ್ಪು ಚುಕ್ಕೆ. ಮೇಲಿನ ಕಿಂಡಿ ಒಂದು ಬೆರಳಷ್ಟು ತೆರೆದಿರಲಿ. ಬೆಳಗ್ಗೆ ಎದ್ದ ತಕ್ಷಣ ಗಾಜು ಒರೆಸಿ, ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ, ಚಹಾ ಆಮೇಲೆ. ಹಳೇ ಹತ್ತಿ ಸೀರೆ ಹರಿದು ಆರು ತುಂಡು ಒಯ್ದರೆ ಒರೆಸುವುದಕ್ಕೆ ಅದರಂಥದ್ದಿಲ್ಲ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಸ್ಯಾಂಡ್‌ಫ್ಲೈ ಎಂಬ ಸಣ್ಣ ನೊಣ ಹಗಲೇ ಕಚ್ಚುತ್ತದೆ, ಪಾದಕ್ಕೇ ಹೆಚ್ಚು. ಕಾಲುಚೀಲ ಹಾಕಿ, ಅಡುಗೆಯಾದ ಕೂಡಲೇ ಬಾಗಿಲು ಮುಚ್ಚಿ.

ರಸ್ತೆ ನಮ್ಮ ಹಾಗೆ ಎಡಗಡೆಯೇ. ಆದರೆ ಒಂದೇ ಗಾಡಿ ಹಿಡಿಸುವ ಸೇತುವೆಗಳ ಫಲಕದಲ್ಲಿ ನೀವು ಹೋಗುವ ದಿಕ್ಕಿನ ಬಾಣ ಸಣ್ಣದಾಗಿ ಕೆಂಪಾಗಿದ್ದರೆ ನಿಂತು ಎದುರಿನವರಿಗೆ ದಾರಿ ಬಿಡಬೇಕು. ಹೊರಡುವ ಮೊದಲು ಗ್ಯಾಸ್ ವಾಲ್ವು, ಮೇಲಿನ ಕಿಂಡಿ, ಫ್ರಿಡ್ಜಿನ ಚಿಲಕ, ಕೇಬಲ್, ಮೆಟ್ಟಿಲು ಈ ಐದನ್ನೂ ಕೈಯಿಂದ ಮುಟ್ಟಿ ನೋಡಿ. ಕಣ್ಣು ಮರೆಯುತ್ತದೆ. ಕುಕ್ಕರ್, ಅಕ್ಕಿ ನೆಲಮಟ್ಟದ ಕಪಾಟಿಗೆ, ರೊಟ್ಟಿ ಮೇಲಕ್ಕೆ. ವೆಲ್ಲಿಂಗ್ಟನ್‌ನಿಂದ ಪಿಕ್ಟನ್‌ಗೆ (ಉತ್ತರ ದ್ವೀಪದಿಂದ ದಕ್ಷಿಣ ದ್ವೀಪಕ್ಕೆ) ಮೂರೂವರೆ ಗಂಟೆಯ ಹಡಗು ಹತ್ತುವಾಗ ಸಿಲಿಂಡರಿನ ಬುಡದಲ್ಲೇ ಗ್ಯಾಸ್ ಬಂದ್ ಆಗಿರಬೇಕು. ಡೀಸೆಲ್ ವ್ಯಾನಾದರೆ ಓಡಿದ ಕಿಲೋಮೀಟರಿಗೆ ರಸ್ತೆ ತೆರಿಗೆ ಬೇರೆ ಬರುತ್ತದೆ. ವ್ಯಾನ್ ಒಪ್ಪಿಸುವ ದಿನ ಈ ಲೆಕ್ಕಕ್ಕೆ ಒಂದಿಷ್ಟು ಡಾಲರ್ ಎತ್ತಿಟ್ಟಿರಿ, ಕ್ಯಾಸೆಟ್ಟನ್ನು ಹಿಂದಿನ ಸಂಜೆಯೇ ಖಾಲಿ ಮಾಡಿ.