ರೋಮಿಯೋ–ಜೂಲಿಯೆಟ್ ಸಾವಿಗೆ ಹೊಣೆ ಯಾರು? ತಾಳಮದ್ದಳೆಗೆ ಕೂರುವ ಮುನ್ನ

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತಾಳಮದ್ದಳೆ ಕೂರುತ್ತದೆ: ವೇಷ-ಕುಣಿತ ಇಲ್ಲದೆ, ಕೂತು ಹಾಡು ಮತ್ತು ಮಾತಿನಲ್ಲೇ ಕಥೆಯನ್ನು ವಾದಿಸುವ ಕೂಟ. ಮರೆಯಲ್ಲಿ ನಿಂತು ವಾಲಿಗೆ ಬಾಣ ಬಿಟ್ಟ ರಾಮನನ್ನೇ ಪ್ರಶ್ನಿಸಿ ಪಳಗಿದ ಕೇಳುಗರು ಇಲ್ಲಿಯವರು. ಷೇಕ್ಸ್‌ಪಿಯರನ ಈ ನಾಟಕದ ತಪ್ಪು-ಒಪ್ಪನ್ನು ಇತ್ಯರ್ಥ ಮಾಡಲು ಇದಕ್ಕಿಂತ ಒಳ್ಳೆಯ ಜಗುಲಿ ಸಿಗದು.

ಮೂರು ತಾಸಿನ ಕೂಟಕ್ಕೆ ಐದು ಅರ್ಥಧಾರಿಗಳು (ಪಾತ್ರವಾಗಿ ಮಾತಾಡುವವರು) ಸಾಕು: ಪಾದ್ರಿ ಲಾರೆನ್ಸ್, ಜೂಲಿಯೆಟ್‌ಳ ಅಪ್ಪ ಕ್ಯಾಪುಲೆಟ್, ಅವಳ ದಾದಿ, ರೋಮಿಯೋ, ವೆರೋನಾದ ಅರಸ. ಎಂಟು-ಹತ್ತು ಪದ್ಯ ಕಟ್ಟಿ, ಹಾಡುವ ಭಾಗವತರಿಗೆ ವಾರದ ಮೊದಲೇ ಕೊಡಿ. ತಗಡಿನ ಮಾಡಿನ ಕೆಳಗೆ ಮಳೆ ಜೋರಾದರೆ ಮಾತು ಕೇಳುವುದಿಲ್ಲ, ಹೆಂಚಿನ ಮನೆ ನೋಡಿಕೊಳ್ಳಿ.

ಮೊದಲು ದಿನಗಳ ಪಟ್ಟಿ ಬರೆದು ಎಲ್ಲರ ಕೈಗೂ ಕೊಡಬೇಕು. ಇದಿಲ್ಲದೆ ವಾದ ಹಳ್ಳ ಹಿಡಿಯುತ್ತದೆ. ಭಾನುವಾರ ರಾತ್ರಿ ವೈರಿ ಮನೆಗಳ ಈ ಇಬ್ಬರ ಭೇಟಿ. ಸೋಮವಾರ ಗುಟ್ಟಿನ ಮದುವೆ, ಅಂದೇ ರೋಮಿಯೋ ಕೈಯಲ್ಲಿ ಜೂಲಿಯೆಟ್‌ಳ ಬಂಧು ಟಿಬಾಲ್ಟ್‌ನ ಕೊಲೆ, ರೋಮಿಯೋಗೆ ವೆರೋನಾದಿಂದ ಗಡೀಪಾರು. ಪ್ಯಾರಿಸ್ ಜೊತೆ ಅಪ್ಪ ಗೊತ್ತುಮಾಡಿದ ಮದುವೆ ತಪ್ಪಿಸಲು, ಸತ್ತಂತೆ ಮಲಗಿಸುವ ಲಾರೆನ್ಸ್‌ನ ಮದ್ದನ್ನು ಮಂಗಳವಾರ ರಾತ್ರಿ ಜೂಲಿಯೆಟ್ ಕುಡಿಯುತ್ತಾಳೆ. ಗುರುವಾರ ರಾತ್ರಿ ಗೋರಿಯೊಳಗೆ ಎಲ್ಲ ಮುಗಿಯುತ್ತದೆ. ಮದ್ದಿನ ಅಮಲು 42 ಗಂಟೆ ಎನ್ನುತ್ತಾನೆ ಪಾದ್ರಿ. ಮಂಗಳವಾರ ರಾತ್ರಿಯಿಂದ ಎಣಿಸಿದರೆ ಅವಳು ಗುರುವಾರ ಸಂಜೆಯೊಳಗೇ ಏಳಬೇಕಿತ್ತು. ಲೆಕ್ಕ ಕೂಡಿ ಬರುವುದಿಲ್ಲ, ಹಾಗಾಗಿ ಅದರ ಮೇಲೆ ಆರೋಪ ಕಟ್ಟಬೇಡಿ.

ಪ್ರತಿ ಪಾತ್ರಕ್ಕೂ ಮೂರೇ ಪ್ರಶ್ನೆ: ಏನು ಗೊತ್ತಿತ್ತು? ಬೇರೆ ದಾರಿ ಇತ್ತೇ? ತಡೆಯುವ ಅಧಿಕಾರ ಇತ್ತೇ?

ಹೊಸಬರು ಸಾಮಾನ್ಯವಾಗಿ ಎಡವುವುದು ಕ್ಯಾಪುಲೆಟ್ ವಿಷಯದಲ್ಲಿ. ಗುರುವಾರದ ಮದುವೆಯನ್ನು ಅವನು ಬುಧವಾರಕ್ಕೆ ಎಳೆದ, ಅದರಿಂದಲೇ ಮದ್ದಿನ ಗುಟ್ಟು ತಿಳಿಸಲು ಲಾರೆನ್ಸ್ ರೋಮಿಯೋಗೆ ಬರೆದ ಪತ್ರ ತಡವಾಯಿತು ಎಂದು ವಾದಿಸುತ್ತಾರೆ. ಎದುರು ಅರ್ಥಧಾರಿ ಅಲ್ಲೇ ಹಿಡಿಯುತ್ತಾನೆ: ಪತ್ರ ಒಯ್ದ ಪಾದ್ರಿ ಜಾನ್‌ನನ್ನು ಪಿಡುಗಿನ ಶಂಕೆಯಿಂದ ವೆರೋನಾದ ಮನೆಯೊಂದರಲ್ಲಿ ಕೂಡಿಹಾಕಿದ್ದರು, ಪತ್ರ ಊರೇ ಬಿಡಲಿಲ್ಲ. ಕ್ಯಾಪುಲೆಟ್‌ನ ನಿಜವಾದ ತಪ್ಪು ಬೇರೆ ಇದೆ. ಹದಿನಾಲ್ಕೂ ತುಂಬದ ಮಗಳಿಗೆ, ಒಪ್ಪದಿದ್ದರೆ ಬೀದಿಯಲ್ಲಿ ಸಾಯಿ ಎಂದವನು ಅವನು. ಅವಳಿಗೆ ಬೇರೆ ಬಾಗಿಲು ಉಳಿಸಲಿಲ್ಲ.

ಅತಿ ಹೆಚ್ಚು ಹೊತ್ತು ಲಾರೆನ್ಸ್‌ಗೆ ಕೊಡಿ, ಕನಿಷ್ಠ ನಲವತ್ತು ನಿಮಿಷ. 3ನೇ ಅಂಕದ 3ನೇ ದೃಶ್ಯ ಬಾಯಿಪಾಠ ಇರಲಿ. ನಿನ್ನ ಆಳಿನ ಕೈಯಲ್ಲೇ ಸುದ್ದಿ ಕಳಿಸುತ್ತೇನೆ ಎಂದು ಅಲ್ಲಿ ರೋಮಿಯೋಗೆ ಮಾತು ಕೊಡುತ್ತಾನೆ. ಆದರೆ ಆಳು ಬಾಲ್ಥಸಾರ್‌ಗೆ ಗುಟ್ಟು ತಿಳಿಸುವುದೇ ಇಲ್ಲ. ಅವನು ಜೂಲಿಯೆಟ್‌ಳನ್ನು ಗೋರಿಯಲ್ಲಿಟ್ಟಿದ್ದು ಕಣ್ಣಾರೆ ಕಂಡು, ಕಂಡದ್ದನ್ನೇ ನಿಷ್ಠೆಯಿಂದ ರೋಮಿಯೋ ಇದ್ದ ಊರು ಮಾಂಟುವಾಗೆ ಒಯ್ಯುತ್ತಾನೆ. ಪಿಡುಗು ಪಾದ್ರಿಯ ಕೈಯಲ್ಲಿರಲಿಲ್ಲ, ನಿಜ. ಕೊಟ್ಟ ಮಾತು ಅವನ ಕೈಯಲ್ಲಿತ್ತು. ಕೊನೆಗೆ ಎಚ್ಚರಗೊಂಡ ಹುಡುಗಿಯನ್ನು ಹೆಣಗಳ ನಡುವೆ ಬಿಟ್ಟು, ಕಾವಲಿನವರ ಸದ್ದಿಗೆ ಹೆದರಿ ಓಡುತ್ತಾನೆ. ಲಾರೆನ್ಸ್‌ನ ಅರ್ಥ ಹೇಳುವವರು ಇದನ್ನು ಮುಚ್ಚಿಡದೆ ಒಪ್ಪಿಕೊಂಡೇ ಎರಡು ಮನೆಗಳನ್ನು ಕೂಡಿಸುವ ಸದುದ್ದೇಶವನ್ನು ಮುಂದಿಡಬೇಕು. ಇದು ಕಷ್ಟದ ಅರ್ಥ, ಅನುಭವಿಗಳಿಗೇ ಕೊಡಿ.

ದಾದಿಗೆ ಒಂದೇ ಪದ್ಯ ಸಾಕು: ಮದುವೆಗೆ ಓಡಾಡಿದವಳೇ ಮರುದಿನ ಪ್ಯಾರಿಸ್‌ನನ್ನು ಕಟ್ಟಿಕೋ ಎನ್ನುವ ಹೊತ್ತು. ಅರಸ ನಾಟಕದಲ್ಲೇ ಎರಡು ಮನೆಗಳ ಜಗಳಕ್ಕೆ ಕಣ್ಣುಮುಚ್ಚಿ ಕೂತ ತಪ್ಪು ಒಪ್ಪಿಕೊಳ್ಳುತ್ತಾನೆ. ಹಾಗೆಂದು ತೀರ್ಪನ್ನು ಅವನ ಬಾಯಲ್ಲಿ ಹೇಳಿಸಬೇಡಿ, ಅವನೂ ಆರೋಪಿಯೇ.

‘ಎಲ್ಲಾ ವಿಧಿ’ ಎಂದು ಯಾರಾದರೂ ಜಾರಿಕೊಂಡರೆ ಭಾಗವತರು ತಕ್ಷಣ ಮುಂದಿನ ಪದ್ಯ ಎತ್ತಬೇಕು. ನಾಟಕದ ಪೀಠಿಕೆಯಲ್ಲೇ ನಕ್ಷತ್ರದ ಮಾತಿದೆ ಎಂಬುದು ಸರಿ. ಆದರೆ ಅದನ್ನೇ ಹಿಡಿದರೆ ಐವರಿಗೂ ಮಾತೇ ಉಳಿಯದು.

ರೋಮಿಯೋ ಕೊನೆಗಿರಲಿ. ಗೋರಿಯಲ್ಲಿ ಅವನು ಜೂಲಿಯೆಟ್‌ಳ ತುಟಿ-ಕೆನ್ನೆಯಲ್ಲಿ ಇನ್ನೂ ಕೆಂಪಿರುವುದನ್ನು ನೋಡುತ್ತಾನೆ, ಬಾಯಿಬಿಟ್ಟು ಹೇಳುತ್ತಾನೆ, ಆಮೇಲೂ ವಿಷ ಕುಡಿಯುತ್ತಾನೆ. ಆ ಮಾತಿನ ನಂತರ ಮದ್ದಳೆ ಬೇಡ. ಎದುರು ಕೂತವರು ಪ್ರಶ್ನೆ ಕೇಳುವವರೆಗೆ ಹಿಮ್ಮೇಳ ಸುಮ್ಮನಿರಲಿ.